ಕೈ ಮುಗಿದು ಕೂಗಿದ ಸವಾಲು

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ ಏನೆಂದರೆ, ಕೆಳಗೆ ನಿವೇದಿಸಿರುವ ವಿಷಯದಲ್ಲಿ ಕಾಗುಣಿತದ ದೋಷಗಳು ಕಂಡುಬಂದಲ್ಲಿ, ಅಕ್ಷರಗಳು ಒಂದರ ಮೇಲೊಂದು ಬಿದ್ದಂತೆ ತೋರಿದಲ್ಲಿ, ದಯವಿಟ್ಟು ಮನ್ನಿಸಬೇಕು. ಶಾಲಾ ಸಮಿತಿಯ ಪತ್ರಗಳನ್ನು ಬಿಟ್ಟು ನಾನು ಬೇರೇನನ್ನೂ ಬರೆದವನಲ್ಲ. ಬರೆಯಲು ಕುಳಿತರೆ ಕೈ ನಡುಗುತ್ತದೆ. ಇದು ವಯಸ್ಸಿನಿಂದ ಬಂದದ್ದಲ್ಲ, ಶುದ್ಧ ಹೆದರಿಕೆ. ಬಸ್ಸಿನಲ್ಲಿ "ಇಳಿಯುವವರಿದ್ದಾರೆ" ಎಂದು ಕೂಗಲು ಬಾಯಿ ಬಾರದೆ, ನೆಂಟರ ಮನೆಗೆಂದು ಹಳದೀಪುರದಲ್ಲಿ ಇಳಿಯಬೇಕಾದವನು ಕುಮಟಾ ತನಕ ಹೋಗಿ, ಇನ್ನೊಂದು ಟಿಕೇಟು ತೆಗೆದು ಮರಳಿ ಬಂದದ್ದುಂಟು. ಕುಮಟೆಯಲ್ಲಿ ಏನೋ ಕೆಲಸವಿತ್ತೆಂದು ಮನೆಯಲ್ಲಿ ಹೇಳಿದ್ದೂ ಉಂಟು.

ಇಂಥವನನ್ನು ನಮ್ಮ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಅಕ್ಕೋರು ಹರಾಜಿಗೆ ಕರೆದರು. ಮಕ್ಕಳಿಗೆ ಚಿತ್ರ ಬಿಡಿಸಲು ಒಂದು ಕೋಣೆ ಕಟ್ಟಿಸುವ ಪ್ರಯುಕ್ತ, ಅವರ ಪರಿಚಯದ ಕಲಾವಿದರು ತಮ್ಮ ಆಧುನಿಕ ಚಿತ್ರಗಳನ್ನು ಉಚಿತವಾಗಿ ಕೊಟ್ಟಿದ್ದರು. ಅವುಗಳನ್ನು ಹೊನ್ನಾವರದ ಸಭಾಭವನವೊಂದರಲ್ಲಿ ಹರಾಜು ಮಾಡುವುದೆಂದು ಸಮಿತಿಯಲ್ಲಿ ನಿರ್ಣಯವಾಯಿತು. ಆದರೆ ಮೊದಲ ಸವಾಲು ಕೂಗುವವರೇ ಇಲ್ಲದೆ ಸಭೆ ಸುಮ್ಮನೆ ಕುಳಿತರೆ ಕಲಾವಿದರಿಗೆ ಅವಮಾನವಲ್ಲವೆ? "ನಾಯ್ಕರೆ, ಮೊದಲ್ನೇ ಚಿತ್ರಕ್ಕೆ ನೀವು ಶುರುವಿನ ದರ ಒಂದ್ಸಲ ಕೂಗಿ ಕುಂತ್ರೆ ಆತು. ಮುಂದೆ ದೊಡ್ಡವ್ರು ಏರಿಸ್ತ್ರು" ಎಂದರು ಅಕ್ಕೋರು. ಆಗುವುದಿಲ್ಲ ಎನ್ನಲು ನನಗೆ ಭಯವಾಯಿತು. ಆದ್ದರಿಂದ ಒಪ್ಪಿದೆ.

ಸದರಿ ಶುರುವಿನ ದರವು, ಫ್ರಿಜ್ಜು ತರಲೆಂದು ನನ್ನ ಹೆಂಡತಿ ಸುಮಿತ್ರಾ ಕೂಡಿಟ್ಟಿದ್ದ ಹಣಕ್ಕೆ ಸರಿಸಮವಾಗಿತ್ತೆಂಬುದನ್ನು ಇಲ್ಲಿ ದಾಖಲಿಸುವುದು ಅವಶ್ಯ. ಅಗ್ಗಕ್ಕೆ ಬಂಗಡೆ ಮೀನು ಸಿಕ್ಕ ದಿನವೆಲ್ಲ ಅವಳು ಪಾತ್ರೆ ಹಿಡಿದು ಪಕ್ಕದ ಮನೆಯ ಫ್ರಿಜ್ಜಿಗೆ ಹೋಗಬೇಕು, ಮರುದಿನ ತರುವಾಗ ನಾಲ್ಕು ಕಡಿಮೆ ಇರುತ್ತವೆ. ಹರಾಜಿನ ದಿನ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಹೋಯ್, ಕೂಗೂದು ಕೂಗಿ. ತಕಂಡು ಮಾತ್ರ ಬರಬೇಡಿ" ಎಂದಳು. ಬಸ್ಸು ಶರಾವತಿ ಸೇತುವೆ ದಾಟುವಾಗಲೂ ನನಗೆ ಹೊಳೆ ಕಾಣಲಿಲ್ಲ, ಫ್ರಿಜ್ಜೇ ಕಾಣುತ್ತಿತ್ತು.

ಸಭಾಭವನದಲ್ಲಿ ದೊಡ್ಡವರು ಬಂದಿದ್ದರು. ಬೋಟಿನ ಮಾಲಕರು, ಐಸ್ ಫ್ಯಾಕ್ಟರಿಯವರು, ಭಟ್ಕಳದಿಂದ ಬಟ್ಟೆ ಅಂಗಡಿಯ ಸಾಹೇಬರೊಬ್ಬರು. ಹರಾಜು ನಡೆಸಲು ದೊಡ್ಡ ಗಂಟಲಿನವರು ಬೇಕೆಂದು, ಪ್ರತಿ ವರ್ಷ ಗಣಪತಿ ಹಬ್ಬದಲ್ಲಿ ಫಲಾವಳಿ ಸವಾಲು ಕೂಗುವ ನಮ್ಮೂರಿನ ಗಣಪುವನ್ನೇ ಅಕ್ಕೋರು ನಿಲ್ಲಿಸಿದ್ದರು. ದೇವರ ತಲೆಯ ಮೇಲ್ಗಡೆ ಕಟ್ಟಿದ ಹಣ್ಣು, ಕಾಯಿ, ಸೌತೆಗಳನ್ನು ಹಬ್ಬ ಮುಗಿದ ಮೇಲೆ ಲಿಲಾವಿಗೆ ಹಾಕುವಾಗ ಒಂದು ಸೌತೆಕಾಯಿಯನ್ನು ಸಾವಿರಕ್ಕೆ ಏರಿಸುವ ಗಂಟಲು ಅದು.

ಮೊದಲ ಚಿತ್ರವನ್ನು ಇಬ್ಬರು ಹೊತ್ತು ತಂದರು. ಬಾಗಿಲಿನಷ್ಟು ಎತ್ತರ. ಪೂರ್ತಿ ಕೆಂಪು, ನಡುವೆ ಒಂದು ಕರಿಯ ಗುಂಡು. ಅದು ಕಣ್ಣೋ ಬಾವಿಯೋ ತಿಳಿಯದು. ಯಾವ ಕುರ್ಚಿಯಲ್ಲಿ ಕುಳಿತರೂ ಅದು ನನ್ನನ್ನೇ ನೋಡುತ್ತಿತ್ತು. ಅಕ್ಕೋರು ಸನ್ನೆ ಮಾಡಿದರು. ನಾನು ಎದ್ದು ನಿಂತೆ. ಆ ಗುಂಡನ್ನು ನೋಡಲಾರದೆ ಕಣ್ಣು ಮುಚ್ಚಿದೆ. ಕೈ ನಡುಗುವುದು ಜನರಿಗೆ ಕಾಣಬಾರದೆಂದು ಎರಡನ್ನೂ ಎದೆಯ ಹತ್ತಿರ ಒತ್ತಿ ಜೋಡಿಸಿದೆ. ದರವನ್ನು ಕೂಗಿಯೇಬಿಟ್ಟೆ.

ಕಣ್ಣು ಮುಚ್ಚಿಯೇ ನಿಂತಿದ್ದೆ. ಈಗ ಏರಿಸುತ್ತಾರೆ, ಈಗ ಏರಿಸುತ್ತಾರೆ ಎಂದು ಕಾದೆ. ಗಣಪು ಎಂದಿನ ಹಾಗೆ ಎಳೆಯದೆ, ಒಂದೇ ಉಸಿರಿಗೆ "ಒಂದು ಸಲ ಎರಡು ಸಲ ಮೂರು ಸಲ, ನಾಯ್ಕರಿಗೆ ಆತು!" ಎಂದುಬಿಟ್ಟ. ಕಣ್ಣು ತೆರೆದರೆ ಜನರೆಲ್ಲ ನನ್ನನ್ನು ಮರ್ಯಾದೆಯಿಂದ ನೋಡುತ್ತಿದ್ದರು. ಮುಂದಿನ ಚಿತ್ರದಿಂದ ಸವಾಲಿನ ಮೇಲೆ ಸವಾಲು ಬಿತ್ತು. ನಾನು ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮುಗಿದ ಮೇಲೆ ಗಣಪುವನ್ನು ಮೂಲೆಗೆ ಕರೆದು, "ಎಂತ ಮಾಡ್ದ್ಯೋ ಮಾರಾಯಾ?" ಎಂದೆ.

"ನಾ ಎಂತ ಮಾಡ್ದೆ? ಕೆಂಪು ಚಿತ್ರ, ನಡೂಗೆ ದೇವಿ ಕಣ್ಣಿನ ಹಾಂಗೆ ಒಂದು. ನೀವು ಕಣ್ ಮುಚ್ಚಿ ಕೈ ಮುಗ್ದು ಕೂಗಿದ್ರಿ. ಫಲಾವಳಿಲಿ ಹಾಂಗೆ ಕೂಗಿದ್ರೆ ಹರಕೆ ಅಲ್ದಾ? ಹರಕೆ ಮೇಲೆ ಯಾರಾದ್ರೂ ಏರಿಸ್ತ್ರಾ? ಏರ್ಸೂಕೆ ಹೊಂಟವ್ರಿಗೆ ನಾನೇ ಕಣ್ಸನ್ನೆ ಮಾಡಿ ಕುಳಿಸ್ದೆ" ಎಂದು ಉಪಕಾರ ಮಾಡಿದವನಂತೆ ನಕ್ಕ. ಅದು ಹರಕೆಯಲ್ಲ, ಪುಕ್ಕಲುತನ ಎಂದು ತಿಳಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರು ಬಂದು, ಕಣ್ಣೊರೆಸಿಕೊಳ್ಳುತ್ತ, "ನಿಮ್ಮಂಥವ್ರು ಇರ್ಬೇಕು" ಎಂದರು. ಬಾಯಿ ಮುಚ್ಚಿದೆ.

ಚಿತ್ರವು ಟೆಂಪೋದಲ್ಲಿ ನನಗಿಂತ ಮೊದಲು ಮನೆ ತಲುಪಿತ್ತು. ಹರಕೆಯ ಸುದ್ದಿ ಚಿತ್ರಕ್ಕಿಂತಲೂ ಮೊದಲು ತಲುಪಿತ್ತು. ಬೈಗುಳಕ್ಕೆ ಸಿದ್ಧನಾಗಿ ಒಳಗೆ ಕಾಲಿಟ್ಟರೆ, ಸುಮಿತ್ರಾ ಚಿತ್ರದ ಚೌಕಟ್ಟಿಗೆ ಒಂದು ದಾಸವಾಳ ಸಿಕ್ಕಿಸುತ್ತಿದ್ದಳು. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಅಂದಿನಿಂದ ನಾನು, ಆ ಗುಂಡು ಕಣ್ಣಿಗೆ ಬೀಳದಿರಲೆಂದು, ಊಟದ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ.

ಕೆಲವು ದಿನ ಕಳೆದ ಮೇಲೆ ಭಟ್ಕಳದ ಆ ಸಾಹೇಬರು ಮನೆ ಹುಡುಕಿಕೊಂಡು ಬಂದರು. "ನಾಯ್ಕ ಭಾಯಿ, ಭಟ್ಕಳದ ಪಕ್ಕ ಜಾಲಿಯಲ್ಲಿ ಹೊಸ ಮನೆ ಕಟ್ಟಿದ್ದೇನೆ. ಈ ತಸ್ವೀರಿಗೋಸ್ಕರವೇ ಅಷ್ಟು ದೂರ ಬಂದಿದ್ದೆ. ನಿಮ್ದು ಹರಕೆ ಅಂದ್ರು, ಸುಮ್ನೆ ಕುಂತೆ. ಹರಕೆ ಮುಗಿದಿದ್ರೆ ನಂಗೆ ಕೊಡಿ, ನೀವು ಕೊಟ್ಟದ್ದರ ಎರಡರಷ್ಟು ಕೊಡ್ತೇನೆ" ಎಂದರು. ಒಂದಲ್ಲ, ಎರಡು ಫ್ರಿಜ್ಜು ನನ್ನ ಕಣ್ಣೆದುರು ತಣ್ಣಗೆ ಬಾಗಿಲು ತೆರೆದವು. "ಆಗಬಹುದು" ಎನ್ನಲು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಸುಮಿತ್ರಾ ಚಾ ತಂದಿಟ್ಟು, "ಸಾಹೇಬ್ರೆ, ತಪ್ಪು ತಿಳ್ಕಳಬೇಡಿ. ದೇವರಿಗೆ ಹೇಳ್ಕಂಡು ತಂದದ್ದು, ಮಾರೂಕೆ ಬರೂದಿಲ್ಲ. ಫ್ರಿಜ್ಜಿಲ್ದೆ ಇಷ್ಟು ವರ್ಷ ಬದ್ಕಲಿಲ್ವಾ ನಾವು?" ಎಂದಳು. ನನ್ನ ಹರಕೆಗಾಗಿ ಅವಳು ಫ್ರಿಜ್ಜು ಬಿಟ್ಟುಕೊಟ್ಟಾಗಿತ್ತು. ಇನ್ನು ಯಾವ ಬಾಯಲ್ಲಿ ನಿಜ ಹೇಳಲಿ? "ಸರಿಯಾದ ಮಾತು, ಬೆಹೆನ್" ಎಂದು ಸಾಹೇಬರು ಚಾ ಕುಡಿದು, ಚಿತ್ರವನ್ನು ಇನ್ನೊಮ್ಮೆ ಆಸೆಯಿಂದ ನೋಡಿ ಹೊರಟುಹೋದರು.

ಅವರ ಕಾರು ಮರೆಯಾದ ಮೇಲೆ ಅವಳು ನನ್ನೆದುರು ಕುಳಿತು, "ಅಲ್ಲ, ಎಂತ ಹರಕೆ ಹೇಳ್ಕಂಡಿದ್ರಿ? ನಂಗೂ ಹೇಳೂಕಾಗೂದಿಲ್ವಾ?" ಎಂದು ಕೇಳಿದಳು. ಬೇರೇನೂ ತೋಚದೆ, "ಹೆದರಿಕೆ ಹೋಗ್ಲಿ ಅಂತ" ಎಂದೆ.

ಅವಳು ಸಾಹೇಬರು ಕುಡಿದಿಟ್ಟ ಲೋಟ ಎತ್ತಿಕೊಂಡಳು. "ಹೋತಾ?"

"ಹೋತು" ಎಂದೆ. ಹಾಗೆಂದದ್ದೂ ಹೆದರಿಯೇ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಾವೇ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ. ತಿದ್ದಿದ ಪ್ರತಿಯನ್ನು ಮಾತ್ರ ಮನೆಯ ವಿಳಾಸಕ್ಕೆ ಕಳುಹಿಸಬಾರದು. ಅಂಚೆಯನ್ನು ಸುಮಿತ್ರಾಳೇ ಒಡೆಯುತ್ತಾಳೆ.