ಬಾಯಿ ನೋಡಿ ಕಲಿಯಬೇಕಾದ ವಿದ್ಯೆ

ಮಕ್ಕಳ ನೋಟ್‌ಪುಸ್ತಕಗಳಲ್ಲಿ ತಪ್ಪು ಹುಡುಕಿ ಕೆಂಪು ಗೆರೆ ಎಳೆಯುವುದೇ ಹೊಟ್ಟೆಪಾಡಾದವನು ನಾನು. ಅಂಥವನು ತನ್ನ ತಪ್ಪು ಹಿಡಿಯುವವರು ಒಬ್ಬರೂ ಸಿಗದೆ ವರ್ಷವಿಡೀ ಒದ್ದಾಡಿದ ಎಂದರೆ ನಿಮಗೆ ನಗು ಬರಬಹುದು. ಧಾರಾಳವಾಗಿ ನಗಿ. ಆ ವರ್ಷ ನನ್ನ ಬಳಿ ಕೂತು ನಗುವವರೂ ಇರಲಿಲ್ಲ.

ನನ್ನನ್ನು ದೇಲಂಪಾಡಿ ಕಡೆಯ ಒಂದು ಕನ್ನಡ ಶಾಲೆಗೆ ವರ್ಗ ಮಾಡಿದ್ದರು. ಹೆಂಡತಿ ಸಫಿಯಾ ಮತ್ತು ಎಂಟು ವರ್ಷದ ಮಗಳು ನಸೀಬಾ ಮೊಗ್ರಾಲಿನ ಮನೆಯಲ್ಲಿ; ನಾನು ಕಾಡಿನಂಚಿನ ಬಾಡಿಗೆ ಕೋಣೆಯಲ್ಲಿ. ಶುಕ್ರವಾರ ಸಂಜೆ ಬಸ್ಸು ಹತ್ತಿ ಮನೆಗೆ, ಭಾನುವಾರ ಮಧ್ಯಾಹ್ನ ಮರಳಿ ಬಸ್ಸಿಗೆ. ವಾರಕ್ಕೆ ಎರಡು ದಿನ ಮಾತ್ರ ಅಪ್ಪನಾಗಿರುವವನಿಗೆ ಯಜಮಾನಿಕೆ ತೋರಿಸಲು ಉಳಿದಿದ್ದ ಜಾಗ ಒಂದೇ. ಮನೆಯ ನಮಾಜಿನಲ್ಲಿ ನಾನು ಮುಂದೆ ನಿಂತು ಓದುತ್ತಿದ್ದೆ, ಅವರಿಬ್ಬರೂ ಹಿಂದೆ ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ನಮಾಜು ಮುಗಿಯುತ್ತಿದ್ದಂತೆ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಉಪ್ಪ ಓದುವುದು ತಪ್ಪು ಎಂದಳು ನಸೀಬಾ; ಅಪ್ಪನಿಗೆ ನಮ್ಮಲ್ಲಿ ಉಪ್ಪ ಎನ್ನುವುದು. ಮದ್ರಸಕ್ಕೆ ಹೊಸ ಉಸ್ತಾದರು ಬಂದಿದ್ದರು. ಯಾವ ಅರಬಿ ಅಕ್ಷರ ಗಂಟಲಿನ ಯಾವ ಮೂಲೆಯಿಂದ, ನಾಲಿಗೆಯ ಯಾವ ಅಂಚಿನಿಂದ ಹೊರಡಬೇಕೆಂದು ಒಂದೊಂದಾಗಿ ತಿದ್ದುತ್ತಿದ್ದರಂತೆ. (ಅವಳು ಹೇಳಿದ್ದು ನಮ್ಮ ಮನೆಮಾತಿನಲ್ಲಿ. ಕನ್ನಡಕ್ಕೆ ತರುವಾಗ ಅದರ ಮೊನೆ ಕೊಂಚ ಮೊಂಡಾಗಿದೆ. ಮೊಂಡು ಮಾಡಿದವನು ನಾನೇ ಇರಬೇಕು.) ಎಲ್ಲಿ ತಪ್ಪು ಎಂದು ಆಗಲೇ ಕೇಳಬೇಕಿತ್ತು. ತಲೆನೋವು ಎಂದು ಹೇಳಿ ಮರುದಿನದಿಂದ ಒಬ್ಬನೇ ಒಳಕೋಣೆಯಲ್ಲಿ ಚಾಪೆ ಹಾಸಿಕೊಂಡೆ. ಆ ತಲೆನೋವು ತಿಂಗಳುಗಟ್ಟಲೆ ನಡೆಯಿತು. ಸರಿಯಾಗಿ ಕಲಿತು ಮತ್ತೆ ಅವರಿಬ್ಬರ ಮುಂದೆ ನಿಲ್ಲಬೇಕು ಎಂಬುದೊಂದೇ ಆಗ ನನ್ನ ಆಸೆ.

ಕಲಿಸುವವರು ಯಾರು? ಆ ಮೂಲೆಗೆ ಶುಕ್ರವಾರ ಮಾತ್ರ, ಜುಮಾ ನಮಾಜು ಮಾಡಿಸಲು, ಒಬ್ಬರು ಮುಸ್ಲಿಯಾರರು ಜೀಪಿನಲ್ಲಿ ಬಂದು ಹೋಗುತ್ತಿದ್ದರು. ಅವರನ್ನು ಕೇಳಿದೆ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಬಲ್ಲವರ ಎದುರು ಕೂತು, ಅವರ ಬಾಯಿ ನೋಡಿ, ನಮ್ಮದನ್ನು ಅವರ ಕಿವಿಗೆ ಒಪ್ಪಿಸಿ ಕಲಿಯಬೇಕು; ಕಲಿಸುವಷ್ಟು ತನಗೂ ಬರುವುದಿಲ್ಲ ಎಂದರು. ಪ್ರಾಮಾಣಿಕ ಮನುಷ್ಯ. ಇನ್ನೂ ಏನೋ ಹೇಳುವವರಿದ್ದರು, ಜೀಪಿನವನು ಹಾರ್ನ್ ಹೊಡೆದ.

ಕೊನೆಗೆ ದುಬೈಯಲ್ಲಿದ್ದ ಬಾವ ಒಂದು ಕ್ಯಾಸೆಟ್ಟು ಕಳಿಸಿದ. ಹಸಿರು ಕ್ಯಾಸೆಟ್ಟು ಎಂದು ಬರೆಯಹೊರಟೆ. ನೀಲಿಯೂ ಇದ್ದೀತು, ನನ್ನ ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಳ್ಳುತ್ತದೆ. ಅದರಲ್ಲಿ ಕುರಾನಿನ ಒಂದು ಅಧ್ಯಾಯ, ತಬಾರಕ ಸೂರಾ ಇತ್ತು. ಬೆಳಿಗ್ಗೆ ಒಮ್ಮೆ ಹಾಕಿ ಕೇಳುವುದು, ಆಮೇಲೆ ನಾನು ಓದುವುದು. ಬಾಯಿ ನೋಡಬೇಕು ಎಂದಿದ್ದರಲ್ಲ, ಕ್ಯಾಸೆಟ್ಟಿಗೆ ಬಾಯಿ ಎಲ್ಲಿಂದ ಬರಬೇಕು? ಕನ್ನಡಿ ಹಿಡಿದು ನನ್ನದನ್ನೇ ನೋಡಿದೆ. ಔಷಧ ಕುಡಿಸುವಾಗ ಎಮ್ಮೆ ಮಾಡುವ ಮುಖ ಕಾಣಿಸಿತು. ಕ್ಯಾಸೆಟ್ಟಿನ ಮನುಷ್ಯನಿಗೆ ತಾಳ್ಮೆ ಅಪಾರ, ಎಷ್ಟು ಸಲ ಬೇಕಾದರೂ ಓದುತ್ತಿದ್ದ. ಆದರೆ ನಾನು ಎಷ್ಟು ಕೆಟ್ಟದಾಗಿ ಓದಿದರೂ ನಡುವೆ ನಿಲ್ಲಿಸಿ ಒಂದು ಮಾತು ಬೈಯುತ್ತಿರಲಿಲ್ಲ. ಬೈಸಿಕೊಳ್ಳಲಿಕ್ಕೂ ಜನ ಬೇಕು ಎಂದು ನನಗೆ ತಿಳಿದದ್ದು ಆ ಕೋಣೆಯಲ್ಲಿ.

ಬೈದವರು ಪಕ್ಕದ ಮನೆಯ ಕುಸುಮಕ್ಕ. ದಿನವಿಡೀ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ತುಳು ಮಾತಿನ ಹೆಂಗಸು. ಒಂದು ದಿನ ಬೇಲಿಯಾಚೆಯಿಂದ ಕರೆದರು.

"ಮಾಷ್ಟ್ರೇ, ಬೇಜಾರು ಮಾಡ್ಲಿಕ್ಕಿಲ್ಲ. ಆ ಕ್ಯಾಸೆಟ್ಟಿನ ಜನ ಉದ್ದ ಎಳೆದಲ್ಲಿ ನೀವು ಗಿಡ್ಡ ಮಾಡ್ತೀರಿ. ಉಸಿರು ಸಾಲುದಿಲ್ವಾ ಎಂತ?"

ಅರ್ಥವಾಗದ್ದರಲ್ಲಿ ತಪ್ಪು ಹೇಗೆ ತಿಳಿಯಿತು ಎಂದು ಕೇಳಿದೆ.

"ದಿನಾ ಎರಡು ಸಲ ಕೇಳ್ತೇನೆ. ಒಮ್ಮೆ ಅವರದ್ದು, ಒಮ್ಮೆ ನಿಮ್ಮದು. ಎರಡು ಒಂದೇ ಅಲ್ಲ ಅಂತ ಗೊತ್ತಾಗ್ಲಿಕ್ಕೆ ಅರ್ಥ ಯಾಕೆ ಮಾರಾಯ್ರೆ?"

ಮಗಳು ನಕ್ಕ ಕತೆಯನ್ನೂ ಅವರಿಗೆ ಹೇಳಿ, ಅಂದಿನಿಂದ ನಾನು ನನ್ನ ಜಗಲಿಯಲ್ಲಿ ಕೂತು ಓದತೊಡಗಿದೆ. ತಪ್ಪಿದಲ್ಲಿ ಬೀಡಿಗೆ ನೂಲು ಸುತ್ತುವ ಅವರ ಕೈ ನಿಲ್ಲುತ್ತಿತ್ತು. ನಾನು ಹಿಂದಕ್ಕೆ ಹೋಗಿ ತಿದ್ದಿ ಓದಿದರೆ ಕೈ ಮತ್ತೆ ಓಡುತ್ತಿತ್ತು. ತಿಂಗಳುಗಳ ಬಳಿಕ ಒಂದು ಗುರುವಾರ ಇಡೀ ಸೂರಾ ಮುಗಿದರೂ ಆ ಕೈ ನಿಲ್ಲಲಿಲ್ಲ. ಕುಸುಮಕ್ಕ ತಲೆಯೆತ್ತಿ, ಇನ್ನು ಮಗಳ ಹತ್ತಿರ ಹೋಗಬಹುದು ಎಂದರು.

ಭಾನುವಾರ ಸುಬಹಿಗೆ, ಅಂದರೆ ನಸುಕಿನ ನಮಾಜಿಗೆ, ಸಫಿಯಾಳನ್ನೂ ನಸೀಬಾಳನ್ನೂ ಹಿಂದೆ ನಿಲ್ಲಿಸಿ ಮುಂದೆ ನಿಂತೆ. ಫಾತಿಹಾ ಓದಿದೆ, ಅದರ ಬೆನ್ನಿಗೆ ತಬಾರಕ. ನಗು ಕೇಳಿಸಲಿಲ್ಲ. ಸಲಾಮು ಹೇಳಿ ತಿರುಗಿದಾಗ ಸಫಿಯಾಳ ಕಣ್ಣು ತುಂಬಿತ್ತು ಎಂದು ನನ್ನ ನೆನಪು. ಅದು ಆಕಳಿಕೆ ಎಂದು ಅವಳ ವಾದ.

"ಉಪ್ಪ, ತಬಾರಕ ಚಂದ ಆಯ್ತು," ಎಂದಳು ನಸೀಬಾ. "ಫಾತಿಹಾ ಮಾತ್ರ ಮೊದಲಿನ ಹಾಗೇ ತಪ್ಪು. ಆವತ್ತು ನಾನು ಹೇಳಿದ್ದು ಅದನ್ನೇ."

ನಮಾಜಿನ ಪ್ರತಿ ಸುತ್ತೂ ಶುರುವಾಗುವುದೇ ಕುರಾನಿನ ಮೊದಲ ಸೂರಾ ಫಾತಿಹಾದಿಂದ. ದಿನಕ್ಕೆ ಹದಿನೇಳು ಸಲ, ಬುದ್ಧಿ ತಿಳಿದಾಗಿನಿಂದ ಓದುತ್ತ ಬಂದದ್ದು. ಅದು ಕ್ಯಾಸೆಟ್ಟಿನಲ್ಲಿರಲಿಲ್ಲ, ಹಾಗಾಗಿ ಕುಸುಮಕ್ಕನಿಗೂ ಸಿಕ್ಕಿಬೀಳಲಿಲ್ಲ. ಬರುತ್ತದೆ ಎಂದುಕೊಂಡಿದ್ದನ್ನು ಯಾರಿಗೂ ಒಪ್ಪಿಸಿ ನೋಡುವುದಿಲ್ಲವಲ್ಲ. ಫಾತಿಹಾ ಕೆಟ್ಟರೆ ನಮಾಜೇ ಇಲ್ಲ ಎಂದು ಉಸ್ತಾದರು ಹೇಳಿಕೊಟ್ಟಿದ್ದನ್ನು ಮಗಳು ಒಪ್ಪಿಸಿದಳು. ಸಫಿಯಾ ಕಿಟಕಿಯಾಚೆ ಬೆಳ್ಳಗಾಗುವುದನ್ನು ನೋಡಿ, ನೀವು ನಿಧಾನಕ್ಕೆ ಕಲಿಯಿರಿ, ಸೂರ್ಯ ಕಾಯುವುದಿಲ್ಲ ಎಂದು, ಅವನು ಮೂಡುವ ಮೊದಲೇ ಮುಗಿಯಬೇಕಾದ ತನ್ನ ನಮಾಜನ್ನು ಮತ್ತೆ ಮಾಡಲು ಒಳಗೆ ಹೋದಳು.

ನಾನು ನಸೀಬಾಳ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ಅವಳು ಬಾಯಿ ಅಗಲಿಸಿ, ನಾಲಿಗೆಯ ಅಂಚು ಎಲ್ಲಿ ತಾಗಬೇಕೆಂದು ಬೆರಳಿಟ್ಟು ತೋರಿಸಿದಳು. ಮುಂದಿನ ಹಲ್ಲೊಂದು ಬಿದ್ದಿತ್ತು. ಯಾವಾಗ ಬಿದ್ದದ್ದೋ, ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ಸಲಕ್ಕೆ ಸರಿ ಎಂದಳು. ಎದ್ದು ನಮಾಜನ್ನು ಇನ್ನೊಮ್ಮೆ ಮಾಡಿದೆ. ಮುಗಿಸಿ ಬರುವಷ್ಟರಲ್ಲಿ ಅವಳು ಕಿತಾಬಿನ ಚೀಲ ಹೆಗಲಿಗೇರಿಸಿ ಮದ್ರಸಕ್ಕೆ ಹೊರಟಿದ್ದಳು. ಇನ್ನೊಮ್ಮೆ ಕೇಳು ಎಂದು ಕೂರಿಸಿ ಓದಿದೆ. ಸರಿ ಎಂದಳು. ಮತ್ತೂ ಒಮ್ಮೆ ಎಂದೆ.

"ಸರಿಯಾಯ್ತು ಅಂತ ಹೇಳಿದೆನಲ್ಲ ಉಪ್ಪ. ನನಗೆ ಹೊತ್ತಾಯ್ತು."

"ಇಲ್ಲ, ನನಗೆ ಅನುಮಾನ ಉಂಟು," ಎಂದೆ.

ಅನುಮಾನವೇನೂ ಇರಲಿಲ್ಲ.