ರುಮಾಲಿನಲ್ಲಿ ಸೋಸಿದ ರಾಗಿ ಹಿಟ್ಟು

ಸುಲ್ತಾನರ ಅಮಲ್ದಾರರು ನಮ್ಮ ಮನೆಗೇ ಬರುತ್ತಿದ್ದಾರೆಂಬ ಸುದ್ದಿ ಬಂದಾಗ ನಾನು ಹಿತ್ತಿಲಲ್ಲಿ ಕೂತು ರಾಗಿ ಹಿಟ್ಟು ಸೋಸುತ್ತಿದ್ದೆ. ಅದೂ ಗಂಡ ಹಬ್ಬಕ್ಕೆ ತಲೆಗೆ ಸುತ್ತುವ ರುಮಾಲಿನಲ್ಲಿ!

ತಪ್ಪು ತಿಳಿಯಬೇಡಿ. ಜ್ವರ ಬಂದು ಹೋದ ಮೇಲೆ ನನ್ನ ಎದೆಹಾಲು ಇಳಿದುಹೋಗಿತ್ತು. ಹಲ್ಲು ಮೊಳೆಯುತ್ತಿದ್ದ ಮಗಳು ಸೊರಗುತ್ತಿದ್ದಳು. ಕಾಲ ಮೇಲೆ ಮಲಗಿಸಿಕೊಂಡು ಮೂತಿಯಿರುವ ಪುಟ್ಟ ಒಳಲೆಯಲ್ಲಿ ಬಾಯಿಗೆ ರಾಗಿ ಸರಿ ಹುಯ್ದರೆ ಅಷ್ಟನ್ನೂ ನನ್ನ ಮುಖಕ್ಕೇ ಉಗಿಯುತ್ತಿದ್ದಳು. ಅತ್ತೆ ನಾಗಮಂಗಲಕ್ಕೆ ಹೋಗಿದ್ದರು. ಪಕ್ಕದ ಮನೆ ಗೌರಕ್ಕನನ್ನು ಕೇಳಲು ನನಗೆ ಬಿಗುಮಾನ. ಹಿಟ್ಟು ತರಿಯಾಗಿದೆ, ನುಣ್ಣಗೆ ಸೋಸಿದರೆ ನುಂಗುತ್ತಾಳೆ ಎಂದು ನಾನೇ ತೀರ್ಮಾನಿಸಿದೆ. ಮನೆಯಲ್ಲಿ ಎಲ್ಲಕ್ಕಿಂತ ತೆಳುವಾದ ಬಟ್ಟೆ ಆ ರುಮಾಲು. ರಂಗನಾಥಸ್ವಾಮಿಯೇ ಬುದ್ಧಿ ಕೊಟ್ಟ ಎಂದುಕೊಂಡೆ!

ಗೌರಕ್ಕ ಓಡಿಬಂದಳು. “ಏನ್ ಕೂತಿದ್ದೀಯವ್ವಾ! ಬಾಗ್ಲು ನೋಡಾಕೆ ಅಮಲ್ದಾರ್ರೇ ಬತ್ತಾವ್ರೆ!”

ನನ್ನ ಗಂಡ ಬಡಗಿ. ಅಮಲ್ದಾರರ ಮನೆಗೆಂದು ಬಾಗಿಲು ಕೆತ್ತಿ ಅಂಗಳದಲ್ಲಿ ನಿಲ್ಲಿಸಿದ್ದರು. “ನನ್ ರುಮಾಲೆಲ್ಲಮ್ಮೀ?” ಎಂದು ಕೂಗಿದರು. ಹಿಟ್ಟನ್ನು ಮೊರಕ್ಕೆ ಸುರಿದು, ರುಮಾಲನ್ನು ಎರಡು ಸಲ ಕೊಡವಿ ಕೊಟ್ಟೆ. ಅಷ್ಟು ಸಾಕೆಂಬುದು ನನ್ನ ಘನವಾದ ಅಭಿಪ್ರಾಯ.

ಅದನ್ನು ಸುತ್ತಿಕೊಳ್ಳುವಷ್ಟರಲ್ಲಿ ಅಮಲ್ದಾರರು ಅಂಗಳಕ್ಕೆ ಬಂದೇಬಿಟ್ಟರು. ಗಂಡ ಬಗ್ಗಿ ನಮಸ್ಕರಿಸಿದರು. ಬಾಗಿಲ ಬುಡಕ್ಕೆ ಹಿಟ್ಟು ಉದುರಿತು. ಅಮಲ್ದಾರರ ಹುಬ್ಬು ಗಂಟಿಕ್ಕಿತು.

“ಏನಯ್ಯಾ ಆಚಾರಿ, ಮರಕ್ಕೆ ಹುಳ ಹೊಡೆದಿದೆಯಲ್ಲ!”

“ಮರಕ್ಕಲ್ಲ ಬುದ್ಧೀ! ಅದು ನನ್ ತಲೆಯಿಂದ!”

ಪುಣ್ಯಕ್ಕೆ ಅಮಲ್ದಾರರು ನಕ್ಕುಬಿಟ್ಟರು. ಬಾಗಿಲನ್ನು ಗುದ್ದಿ ನೋಡಿ, ಒಪ್ಪಿ ಹೊರಟರು. ಅಷ್ಟರಲ್ಲಿ ಗಂಡನ ಬೆವರಿಗೆ ಹಿಟ್ಟು ಕಲಸಿಕೊಂಡು ಕೆನ್ನೆ ಮೇಲೆ ಇಳಿಯುತ್ತಿತ್ತು.

“ಏನಮ್ಮೀ ಇಂಗ್ ಮಾಡ್ಬುಟ್ಟೆ!” ಎನ್ನುತ್ತ ನನ್ನ ಮುಂದೆ ಬಂದು ನಿಂತರು. ಸೊಂಟದಲ್ಲಿದ್ದ ಮಗಳು ಅಪ್ಪನ ಗದ್ದ ಎಳೆದುಕೊಂಡು ಕೆನ್ನೆಯ ಹಿಟ್ಟನ್ನು ಲೊಚಕ್ಕನೆ ನೆಕ್ಕಿದಳು. ಮತ್ತೆ ನೆಕ್ಕಿದಳು!

ಬೈಗುಳ ಅಲ್ಲೇ ನಿಂತಿತು. ನಾನು ಒಲೆ ಪಕ್ಕದಲ್ಲಿ ಬೆಚ್ಚಗಿದ್ದ ಸರಿ ತಂದೆ. ಬೆಳಗ್ಗೆ ಬೇಡವೆಂದಿದ್ದ ಅದೇ ಸರಿ, ಸೋಸದ ಹಿಟ್ಟಿನದು. ಮಗಳು ಅಪ್ಪನ ತೊಡೆ ಮೇಲೆ ಕೂತು, ಅವರ ಬೆರಳಿನಿಂದ ಬಟ್ಟಲು ಖಾಲಿಯಾಗುವವರೆಗೂ ನೆಕ್ಕಿದಳು. ನನ್ನ ಕಣ್ಣು ತುಂಬಿತು. ನಿಂತಲ್ಲೇ ಸ್ವಾಮಿಗೆ ಕೈಮುಗಿದೆ.

“ಮಲಗ್ಸಿ ಬಾಯಿಗ್ ಸುರುದ್ರೆ ಯಾವ್ ಕೂಸ್ ತಿಂದಾತು? ಕೂರ್ಸಿ ನೆಕ್ಕಿಸ್ಬೇಕು ಕಣಮ್ಮೀ,” ಎಂದಳು ಗೌರಕ್ಕ. “ಹಿಟ್ಟಿಗ್ ಏನಾಗಿತ್ತು?”

ಹಾಗಾದರೆ ಬೆಳಗಿನಿಂದ ನಾನು ಸೋಸಿದ್ದು ಯಾರಿಗೆ? ಗಂಡನ ತಲೆಗೆ! ಮೊರದಲ್ಲಿದ್ದ ಹಿಟ್ಟನ್ನು ಎತ್ತಿಕೊಂಡು ಮುದ್ದೆಗೆ ಎಸರಿಡಲು ಒಳಗೆ ಹೋದೆ.