ಕಲ್ಲು ಕಂಡಲ್ಲೆಲ್ಲ ಇಳಿಯುವ ಮಾವ

ನಮ್ಮ ಸೋದರಮಾವನೊಡನೆ ಬಸ್ಸು ಹತ್ತುವುದಕ್ಕಿಂತ ಕರಡಿಯೊಡನೆ ಹತ್ತುವುದು ಮೇಲು! ಕರಡಿ ನಡುದಾರಿಯಲ್ಲಿ ಇಳಿದು ಕಲ್ಲಿಗೆ ಕೈ ಮುಗಿಯುವುದಿಲ್ಲ.

ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಧಾರವಾಡದ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಕಾರ್ಖಾನೆ ಸೇರಿದ್ದ ಮಾವನಿಗೆ, ಯಂತ್ರ ಜೋಡಿಸಲು ಬಂದ ಅಮೆರಿಕದ ಸಾಹೇಬನೊಬ್ಬ ಒಂದಷ್ಟು ಫೋಟೋ ತೋರಿಸಿದ್ದ. ಮಾರ್ಮನ್ ಪಂಥದ ಅವನ ಹಿರಿಯರು ಕೈಗಾಡಿ ತಳ್ಳಿಕೊಂಡು ಬಯಲು ದಾಟಿದ ಹಾದಿಯಂತೆ. ಅವರು ತಂಗಿದಲ್ಲಿ, ಸತ್ತಲ್ಲಿ ಕಲ್ಲು ನೆಟ್ಟಿದ್ದಾರಂತೆ. ಮೊಮ್ಮಕ್ಕಳು ಈಗಲೂ ಹೋಗಿ ನೋಡಿ ಬರುತ್ತಾರಂತೆ. ಅಷ್ಟೇ! ಮಾವನಿಗೆ ಹುಚ್ಚು ಹಿಡಿಯಿತು.

"ಗೋವಾದಾಗ ಗುಲಾಮರಾಗಿದ್ದ ಸಿದ್ದಿ ಮಂದಿ ತಪ್ಪಿಸಿಕೊಂಡು ಘಟ್ಟ ಹತ್ತಿದ್ದು ನಮ್ಮ ಅಣಶಿ ಹಾದೀಲೇ. ಅವರೇನು ಕಡಿಮಿ? ನಡೀರಿ, ನೋಡ್ಕೊಂಡ ಬರೂಣು!"

ಮಾವ, ನಾನು, ನನ್ನ ಹೆಂಡತಿ ಬಸ್ಸು ಹತ್ತಿದೆವು. ನನಗೆ ಮದುವೆಯಾಗಿ ತಿಂಗಳೂ ಆಗಿರಲಿಲ್ಲ. ಹೆಂಡತಿಯ ಮುಂದೆ ಮಾನ ಉಳಿಸಿಕೊಳ್ಳಬೇಕಾದ ದಿನಗಳು. ಉಳಿಯಿತೇ? ಜೋಯಿಡಾ ದಾಟುತ್ತಲೇ ಮಾವ ಬಸ್ಸು ನಿಲ್ಲಿಸಿ ಇಳಿದು, ಚಪ್ಪಲಿ ಬಿಟ್ಟು, ಒಂದು ಕಲ್ಲಿನ ಮುಂದೆ ಸಾಷ್ಟಾಂಗ ಬಿದ್ದ.

"ಯಜಮಾನ್ರ, ಅದು ಮೈಲಿಗಲ್ಲು ರೀ!" ಕಂಡಕ್ಟರ್ ಕೂಗಿದ.

"ಇರ್ಲಿ ತಗೋಪಾ, ನಾಕು ಮಂದಿಗೆ ಹಾದಿ ತೋರಸ್ತೈತಿ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಆತನ ಪರಿಚಯವೇ ಇಲ್ಲದವನಂತೆ ಕಿಟಕಿಯಾಚೆ ಮುಖ ಮಾಡಿದೆ. ಕುಂಬಾರವಾಡದಲ್ಲಿ ಮಾವ ಬಾವಿಯ ಪಕ್ಕದ ಚಪ್ಪಟೆ ಕಲ್ಲಿಗೆ ಹೂವೇರಿಸಿ ಕಣ್ಣು ಮುಚ್ಚಿ ನಿಂತ. ಬಟ್ಟೆಗಂಟು ಹೊತ್ತ ಹೆಂಗಸೊಬ್ಬಳು ಹಿಂದೆ ನಿಂತು ಕಾದು ಕಾದು ಕೇಳಿದಳು: "ಅಣ್ಣಾರ, ಪೂಜಿ ಮುಗೀತೇನ್ರಿ? ನಾ ಬಟ್ಟಿ ಒಗೀಬೇಕು."

ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ!

ಅಣಶಿಯಲ್ಲಿ ಬಸ್ಸಿಳಿದು ನಡೆದ ಕಾಡುದಾರಿಯಲ್ಲಿ ಸಿದ್ದಿ ಅಜ್ಜಿಯೊಬ್ಬಳು ಮತ್ತಿಮರದ ಬುಡದ ಕಲ್ಲನ್ನು ಒರೆಸಿ, ತೆಂಗಿನಕಾಯಿ ಹಿಡಿದು ಕೂತಿದ್ದಳು. ಮಾವನನ್ನು ದಾಟಿಸಿಬಿಡೋಣವೆಂದು ನಾನು ಆತನ ತೋಳು ಹಿಡಿದೆ. ಆತ ಕೇಳಿಯೇಬಿಟ್ಟ: "ಇಲ್ಲೆ ಯಾರದಾರ, ಯವ್ವಾ?"

"ನಮ್ಮಜ್ಜಿಯ ಅವ್ವ. ಘಟ್ಟ ಹತ್ತಿ ಬರೂ ಮುಂದ ಇಲ್ಲೇ ಹಡದು, ಇಲ್ಲೇ ಜೀವಾ ಬಿಟ್ಟಳಂತ. ಕೂಸು ಉಳೀತು."

ಮಾವ ಈ ಸಲ ಸಾಷ್ಟಾಂಗ ಬೀಳಲಿಲ್ಲ. ಅಲ್ಲೇ ನೆಲದ ಮೇಲೆ ಕೂತ. ತಲೆ ತಗ್ಗಿಸಿಕೊಂಡೇ ಹೇಳಿದ:

"ಪ್ಲೇಗಿನ್ಯಾಗ ಊರು ಬಿಟ್ಟು ಹೊಂಟಾಗ ನಮ್ಮವ್ವನ್ನೂ ಹಾದ್ಯಾಗ ಮಣ್ಣು ಮಾಡಿದ್ರು. ನಾ ಸಣ್ಣಾಂವ. ಎಲ್ಲಿ ಅಂತ ಅಪ್ಪನ್ನ ಕೇಳಾಕ ಬಾಯಿ ಬರಲಿಲ್ಲ. ಅಪ್ಪನೂ ಹೋದ. ಮಗಾ ಆಗಿ ಅಷ್ಟೂ ಗೊತ್ತಿಲ್ಲ ನನಗ. ಯಾರ ಮುಂದ ಹೇಳ್ಲಿ?"

ಅಂದರೆ ನನ್ನಜ್ಜಿ. ನನ್ನ ತಾಯಿಯೂ ಈ ಮಾತನ್ನು ಎಂದೂ ಎತ್ತಿರಲಿಲ್ಲ.

ಸಿದ್ದಿ ಅಜ್ಜಿ ಕಾಯಿ ಒಡೆದಳು. ಒಂದು ಹೋಳನ್ನು ಕಲ್ಲಿನ ಮುಂದಿಟ್ಟಳು. ಇನ್ನೊಂದನ್ನು ಮಾವನ ಕೈಗೆ ಕೊಟ್ಟು, ತುಸು ಪಕ್ಕಕ್ಕೆ ಸರಿದು ಕೂತಳು.

"ಇದು ನಿಮ್ಮವ್ವಗ. ಇಲ್ಲೇ ಇಡು, ತಮ್ಮಾ. ಜಾಗಾ ಐತಿ."